ಅಮ್ಮನ ಕ್ಯಾಸೆಟ್, ನನ್ನ ಫೋಟೋಕಾರ್ಡ್

ನಮಸ್ಕಾರ. ಈ ವಿಡಿಯೋ ನಮ್ಮಮ್ಮ ನೋಡೋದಿಲ್ಲ ಅನ್ನೋ ಧೈರ್ಯದಲ್ಲಿ ಮಾಡ್ತಿದ್ದೇನೆ. ಆದರೆ ಚಿಕ್ಕಮ್ಮ ನೋಡ್ತಾರೆ, ಸಂಜೆಯೊಳಗೆ ಅಮ್ಮನಿಗೆ ಕಳಿಸ್ತಾರೆ. ಅದೂ ಗೊತ್ತು.

ವಿಷಯ ಇಷ್ಟೇ. ನನ್ನ ರೂಮಿನ ಗೋಡೆ ಮೇಲೆ ಕೊರಿಯಾದ ಹಾಡು-ಕುಣಿತದ ತಂಡ ಬಿಟಿಎಸ್‌ನ ಏಳು ಜನ ಇದ್ದಾರೆ. ಅದೇ ಗೋಡೆಯ ಆಚೆ ಬದಿ ದೇವರ ಕೋಣೆ. ಅಮ್ಮ ಬೆಳಿಗ್ಗೆ ದೀಪ ಹಚ್ಚಿ ಕೈ ಮುಗಿದರೆ, ಅವಳ ಲೆಕ್ಕದಲ್ಲಿ ಅರ್ಧ ನಮಸ್ಕಾರ ಕೊರಿಯಾಕ್ಕೆ ಹೋಗ್ತದೆ. ಮೊನ್ನೆ ಕೇಳಿದಳು: "ಐಡಲ್ ಅಂದ್ರೆ ವಿಗ್ರಹ ಅಲ್ದಾ? ಮನೆಯಲ್ಲಿ ಇದ್ದ ದೇವರು ಸಾಕಾಗ್ಲಿಲ್ವಾ ನಿಂಗೆ?"

ಅಮ್ಮಾ, ಅಲ್ಲಿ ಐಡಲ್ ಅನ್ನೋದು ಕಸುಬಿನ ಹೆಸರು. ಹದಿಹರೆಯದಲ್ಲಿ ಆಡಿಷನ್ ಕೊಟ್ಟು ಕಂಪನಿ ಸೇರಬೇಕು, ವರ್ಷಗಟ್ಟಲೆ ಟ್ರೈನಿಯಾಗಿ ಹಾಡು, ಕುಣಿತ ಕಲೀಬೇಕು, ಒಂದೇ ಮನೆಯಲ್ಲಿ ಉಂಡು ಮಲಗಬೇಕು. ನಮ್ಮ ಯಕ್ಷಗಾನ ಮೇಳದ ಹುಡುಗ ಕೋಡಂಗಿ, ಬಾಲಗೋಪಾಲ ಅನ್ನೋ ಸಣ್ಣ ವೇಷ ಕುಣಿದು, ಎಷ್ಟೋ ತಿರುಗಾಟ ಕಳೆದ ಮೇಲೆ ದೊಡ್ಡ ವೇಷಕ್ಕೆ ಬರ್ತಾನಲ್ಲ, ಹಾಗೆ. ಗಂಡು ಹುಡುಗರಿಗೆ ಲಿಪ್‌ಸ್ಟಿಕ್ ಯಾಕೆ ಅಂತ ಕೇಳ್ತೀಯಲ್ಲ, ಸ್ತ್ರೀವೇಷದ ಕಲಾವಿದರು ಚೌಕಿಯಲ್ಲಿ, ಅಂದ್ರೆ ಬಣ್ಣ ಹಚ್ಚೋ ಜಾಗದಲ್ಲಿ, ಕನ್ನಡಿ ಹಿಡಿದು ಹುಬ್ಬು ತೀಡಿಕೊಳ್ಳೋದನ್ನ ನನಗೆ ಮೊದಲು ತೋರಿಸಿದ್ದೇ ನೀನು. ಆಗ ನಾನು ಒಂದನೇ ಕ್ಲಾಸು. "ಕಾಣ್, ಎಷ್ಟ್ ಚಂದ" ಅಂತ ನೀನೇ ಅಂದಿದ್ದೆ.

ಅವಳ ಉತ್ತರ ರೆಡಿ ಇರ್ತದೆ: ಅದು ಹರಕೆ ತೀರಿಸೋಕೆ ಆಡಿಸೋ ಆಟ, ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಿ ಶುರುವಾಗೋದು, ದೇವರ ಸೇವೆ. ಇದು ಎಂತದ್ದು?

ಸರಿ. ಇದು ಸೇವೆ ಅಲ್ಲ, ಒಪ್ಪಿದೆ. ಕೆಲವು ಫ್ಯಾನ್‌ಗಳು "ಇದೂ ಒಂಥರಾ ಭಕ್ತಿ" ಅಂತ ವಾದ ಮಾಡ್ತಾರೆ. ನನಗೆ ಅದು ಹಿಡಿಸೋದಿಲ್ಲ. ನಾನು ಆ ಏಳು ಜನರಲ್ಲಿ ಒಬ್ಬನಾದ ಜಿಮಿನ್ ಹತ್ತಿರ ಪರೀಕ್ಷೆ ಪಾಸು ಮಾಡಿಸು ಅಂತ ಕೇಳಿಲ್ಲ. ಅದಕ್ಕೆ ಮಂದಾರ್ತಿ ಅಮ್ಮನವರೇ ಆಗಬೇಕು.

ಹಾಗಾದರೆ ಇದೆಂತದ್ದು? ಅದಕ್ಕೆ ಒಂದು ಕಥೆ ಇದೆ.

2022ರ ಡಿಸೆಂಬರ್ 13. ಏಳು ಜನರಲ್ಲಿ ಹಿರಿಯ ಜಿನ್ ಸೇನೆಗೆ ಸೇರಿದ ದಿನ. ಅಲ್ಲಿ ಗಂಡುಮಕ್ಕಳಿಗೆ ಅದು ಕಡ್ಡಾಯ, ಭೂಸೇನೆಯಾದರೆ ಹದಿನೆಂಟು ತಿಂಗಳು. ತಲೆ ಬೋಳಿಸಿಕೊಂಡ ಫೋಟೋ ನೋಡಿ ನಾನು ಅಡುಗೆಮನೆಯಲ್ಲಿ, ತೆಂಗಿನಕಾಯಿ ತುರೀತಾ, ಅತ್ತುಬಿಟ್ಟೆ. ಅಮ್ಮ ನಕ್ಕಳು. "ಅವ ಮಿಲ್ಟ್ರಿಗ್ ಹೋರೆ ನೀ ಎಂತಕ್ ಮರ್ಕುದ್ ಹೆಣೆ?"

ಜಗಲಿಯಲ್ಲಿ ಕೂತಿದ್ದ ಸೋದರಮಾವ ಅಲ್ಲಿಂದಲೇ ಹೇಳಿದ್ರು: "ನೀನು ಕಾಳಿಂಗ ನಾವಡರು ಹೋದಾಗ ಎರಡು ದಿನ ಊಟ ಬಿಟ್ಟಿದ್ದೆ, ನೆನಪುಂಟಾ?"

ಅಮ್ಮ ಮಾತಾಡಲಿಲ್ಲ. ಒಗ್ಗರಣೆ ಸೀದುಹೋಯ್ತು.

ಗೊತ್ತಿಲ್ಲದವರಿಗೆ ಹೇಳ್ತೇನೆ. ಗುಂಡ್ಮಿ ಕಾಳಿಂಗ ನಾವಡರು ಯಕ್ಷಗಾನದ ಬಡಗುತಿಟ್ಟು ಶೈಲಿಯ ಭಾಗವತರು, ಅಂದ್ರೆ ಆಟದಲ್ಲಿ ಪದ ಹಾಡೋರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಆಗ ಅವರಿಗೆ ಮೂವತ್ತು ದಾಟಿತ್ತಷ್ಟೇ. ಅಮ್ಮನಿಗೆ ಹದಿನೇಳು. ಅವರ ಆಟ ಎಲ್ಲಿದ್ದರೂ ಅಣ್ಣನನ್ನು ಪೀಡಿಸಿ ಹೋಗ್ತಿದ್ದಳಂತೆ. ಬೆಳಿಗ್ಗೆ ನಿದ್ದೆಗಣ್ಣಲ್ಲೇ ಗದ್ದೆ ಬದಿಯಲ್ಲಿ ಮನೆಗೆ ನಡೆದು ಬಂದು, ಅಜ್ಜಿಯ ಹತ್ತಿರ ಬೈಸಿಕೊಳ್ಳೋದು. ಅಜ್ಜಿ ಏನಂತ ಬೈತಿದ್ರು ಗೊತ್ತಾ? "ಇಷ್ಟು ಹೊತ್ತು ಭಜನೆ ಮಾಡಿದ್ರೆ ಪುಣ್ಯ ಆದ್ರೂ ಬತ್ತಿತ್."

ಅಂದರೆ ಅಮ್ಮ ಅವತ್ತು ಅತ್ತಿದ್ದು ದೇವರಿಗಾಗಿ ಅಲ್ಲ. ಒಂದು ಸ್ವರಕ್ಕಾಗಿ. ಇನ್ನು ಕೇಳೋಕೆ ಸಿಗೋದಿಲ್ಲ ಅಂತ. ನನಗೂ ಅಷ್ಟೇ ಆದದ್ದು. ನನ್ನದು ಇನ್ನೂ ಸಸಾರ, ಜಿನ್ 2024ರ ಜೂನ್‌ನಲ್ಲಿ ವಾಪಸ್ ಬಂದ.

ಅಮ್ಮ ಹೇಳೋದೆಲ್ಲ ತಪ್ಪು ಅಂತ ಅಲ್ಲ. ದುಡ್ಡಿನ ವಿಷಯದಲ್ಲಿ ಅವಳು ಹೇಳಿದ್ದೇ ಸರಿ. ಆಲ್ಬಮ್ ಒಳಗೆ ಯಾರ ಫೋಟೋಕಾರ್ಡ್ ಇರ್ತದೆ ಅಂತ ಒಡೆಯೋ ತನಕ ಗೊತ್ತಾಗೋದಿಲ್ಲ. ಬೇಕಾದವನು ಬರೋವರೆಗೆ ಮತ್ತೆ ಕೊಳ್ಳೋದು. ನಾನು ಒಂದೇ ಆಲ್ಬಮ್ ಮೂರು ಸಲ ತಗೊಂಡಿದ್ದೇನೆ, ಮೂರು ಸಲವೂ ಬಂದದ್ದು ಅದೇ ತಂಡದ ಶುಗಾ. (ಶುಗಾ ಒಳ್ಳೆಯವನೇ, ಬೇಜಾರು ಮಾಡ್ಕೊಬೇಡಿ.) ಕಂಪನಿಗಳೂ ಸಾಚಾ ಅಲ್ಲ. ಕೊರಿಯಾದ್ದೇ ಇನ್ನೊಂದು ತಂಡ, ಟಿವಿಎಕ್ಸ್‌ಕ್ಯೂ ತಂಡದ ಮೂವರು ಹದಿಮೂರು ವರ್ಷದ ಒಪ್ಪಂದದ ವಿರುದ್ಧ 2009ರಲ್ಲಿ ಕೋರ್ಟಿಗೆ ಹೋಗಬೇಕಾಯ್ತು. ಅದೇ ವರ್ಷ ಅಲ್ಲಿನ ಸರಕಾರಿ ಆಯೋಗ ಏಳು ವರ್ಷದ ಮಿತಿ ಇರೋ ಮಾದರಿ ಒಪ್ಪಂದ ತಂತು.

2018ರಲ್ಲಿ ಬಿಟಿಎಸ್ ತಂಡದ ಲೀಡರ್ ಆರ್‌ಎಂ ವಿಶ್ವಸಂಸ್ಥೆಯಲ್ಲಿ ಭಾಷಣ ಮಾಡಿದ್ದನ್ನ ತೋರಿಸಿ ಅಮ್ಮನನ್ನ ಗೆಲ್ತೇನೆ ಅಂದ್ಕೊಂಡಿದ್ದೆ. ಪೂರ್ತಿ ನೋಡಿ "ಮಾತಾಡುಕೆ ಎಲ್ಲರಿಗೂ ಬತ್ತ್" ಅಂದಳು. ಅವಳ ಕಿವಿ ನಿಮಿರಿದ್ದು ಒಂದೇ ಸಲ. ಯಾವುದೋ ವಿಡಿಯೋದಲ್ಲಿ ಒಬ್ಬ ಅಪ್ಪನನ್ನು "ಅಪ್ಪಾ" ಅಂತಲೇ ಕರೆದ. ಕೊರಿಯನ್ನಿನಲ್ಲೂ ಅಪ್ಪ ಅಪ್ಪನೇ, ಅಮ್ಮ "ಒಮ್ಮ". "ಕನ್ನಡ ಬತ್ತಾ ಅವ್ಕೆ?" ಅಂತ ಕೇಳಿ, ಮತ್ತೆ ಮುಖ ಬಿಗಿದುಕೊಂಡಳು.

ಅಮ್ಮಾ, ಚಿಕ್ಕಮ್ಮ ಕಳಿಸಿದ್ದನ್ನ ಇಲ್ಲಿವರೆಗೆ ನೋಡಿದ್ರೆ ಒಂದು ಮಾತು. ನಿನ್ನ ಗೋದ್ರೇಜ್ ಕಪಾಟಿನ ಕೆಳಗಿನ ಡ್ರಾವರ್‌ನಲ್ಲಿ, ಮದುವೆ ಸೀರೆಯ ಅಡಿ, ನಾವಡರ ಮೂರು ಕ್ಯಾಸೆಟ್ ಇವೆ. ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲದೆ ಎಷ್ಟೋ ವರ್ಷ ಆಯ್ತು. ಆದರೂ ಪ್ರತಿ ಮಳೆಗಾಲ ಮುಗಿದ ಮೇಲೆ ಬೂಸು ಒರೆಸಿ ಮತ್ತೆ ಅಲ್ಲೇ ಇಡ್ತೀ.

ಪೋಸ್ಟರ್ ಬೇಕಾದ್ರೆ ಎದುರಿನ ಗೋಡೆಗೆ ಅಂಟಿಸ್ತೇನೆ. ಫೋಟೋಕಾರ್ಡ್ ಮಾತ್ರ ಆ ಡ್ರಾವರ್‌ನಲ್ಲಿ ಇಡ್ಲಾ? ಜಾಗ ಉಂಟು, ನೋಡಿದ್ದೇನೆ.