ರೋಗಕ್ಕೆ ತಾತ ಅಂತ ಕರೆಯೋರು

ಮೊದಲು ಇವನ ಹೊಟ್ಟೆ ನೋಡಿ. ಸೀಳಿದೆ, ಕರುಳು ಹೊರಗೆ ಜೋತಾಡ್ತಿದೆ, ಆ ಕರುಳಿನ ಸಂದೀಲಿ ಪುಟ್ಟ ಪುಟ್ಟ ಮರಿಗಳು ಆಟ ಆಡ್ತಿವೆ. ಈಗ ಮುಖ ನೋಡಿ. ನಗ್ತಿದ್ದಾನೆ. ಹಬ್ಬಕ್ಕೆ ಮೊಮ್ಮಕ್ಕಳೆಲ್ಲ ಬಂದಿಳಿದಾಗ ಮನೆ ಹಿರಿಯರು ನಗ್ತಾರಲ್ಲ, ಅದೇ ನಗು.

ಇವನು ಗ್ರೇಟ್ ಅನ್‌ಕ್ಲೀನ್ ಒನ್. ವಾರ್‌ಹ್ಯಾಮರ್ ಅನ್ನೋ ಟೇಬಲ್‌ಟಾಪ್ ಯುದ್ಧದಾಟದಲ್ಲಿ ನರ್ಗಲ್ ಅನ್ನೋ ರೋಗದ ದೇವರ ಸೇನಾಪತಿ. ಮೂರು ವಾರದಿಂದ ರಾತ್ರಿ ಊಟ ಆದ್ಮೇಲೆ ಕೂತು ಇವನ ಬೊಂಬೆಗೆ ಬಣ್ಣ ಹಚ್ತಿದ್ದೀನಿ. ಮೊನ್ನೆ ನೀರು ಕುಡಿಯೋಕೆ ಅಂತ ಎದ್ದ ಅಜ್ಜಿ ಟೇಬಲ್ ಹತ್ರ ಬಂದು ನಿಂತ್ರು.

"ಇದ್ಯಾವ್ದಪ್ಪ ಈ ಪಿಶಾಚಿ? ಮೈ ನೋಡಿದ್ರೆ ಹೇಸಿಗೆ ಆಗ್ತೈತೆ, ಮಖ ಮಾತ್ರ ನಗ್ತೈತೆ."

"ರೋಗದ ದೇವರ ಕಡೆಯೋನು ಅಜ್ಜಿ."

"ರೋಗದ ದೇವ್ರಾ? ಹಂಗಾದ್ರೆ ಅಮ್ಮನ ಕಡೆಯೋನು ಅನ್ನು."

ಅಷ್ಟು ಹೇಳಿ ಹೋಗಿ ಮಲಗಿದ್ರು. ನನಗೆ ಆ ರಾತ್ರಿ ಬ್ರಷ್ ಓಡ್ಲೇ ಇಲ್ಲ. ಇವತ್ತಿನ ವ್ಲಾಗ್ ಆ ಒಂದು ಮಾತಿಂದ ಹುಟ್ಟಿದ್ದು.

ಈಗ ಕಾಣ್ತಿರೋದು ನಮ್ಮ ಚಿತ್ರದುರ್ಗದ ಕೋಟೆ. ಬೆಳಿಗ್ಗೆ ಬೇಗ ಬಂದಿದ್ದೀನಿ, ಬಂಡೆ ಇನ್ನೂ ತಣ್ಣಗಿದೆ. ಯುದ್ಧದಾಟದ ವಿಡಿಯೋದಲ್ಲಿ ಕೋಟೆ ಯಾಕೆ ಅಂದ್ರೆ, ರಾಕ್ಷಸರ ಮಾತನ್ನ ನಾನು ಮೊದಲು ಕೇಳಿದ್ದೇ ಇಲ್ಲಿ. ಮೇಲೆ ಹಿಡಿಂಬೇಶ್ವರನ ಗುಡಿ ಇದೆ. ಹಿಡಿಂಬ ಅನ್ನೋ ರಾಕ್ಷಸ ಈ ಬೆಟ್ಟದಲ್ಲೇ ಇದ್ದ, ವನವಾಸಕ್ಕೆ ಬಂದ ಭೀಮ ಅವನನ್ನ ಕೊಂದ ಅನ್ನೋದು ಊರಿನ ಕಥೆ. ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ತೋರಿಸೋ ಒಂದು ಮೂಳೆ ಇದೆ, ಭೀಮನ ಭೇರಿ ಅಂತ ಕರೆಯೋ ಕಬ್ಬಿಣದ ತಗಡಿನ ದೊಡ್ಡ ಡೋಲು ಇದೆ. ಚಿಕ್ಕವನಿದ್ದಾಗ ನಾನು ಕಣ್ಣು ಮಿಟುಕಿಸದೆ ನೋಡ್ತಿದ್ದದ್ದು ಹಲ್ಲನ್ನ. ಸತ್ತ ರಾಕ್ಷಸನ ಹೆಸರಿಗೆ ಈಶ್ವರ ಅಂತ ಸೇರಿಸಿ, ದೀಪ ಹಚ್ಚಿ ಇಟ್ಕೊಂಡಿರೋ ಊರು ನಮ್ಮದು.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇಬ್ಬರು ಎದುರು ಬದುರು, ಇಬ್ಬರ ಕೈಯಲ್ಲೂ ತಾವೇ ಬಣ್ಣ ಹಚ್ಚಿದ ಸೈನ್ಯ. ಟೇಪ್ ಹಿಡಿದು ಅಳೆದು ಬೊಂಬೆ ಸರಿಸೋದು, ದಾಳ ಹಾಕಿ ಹೊಡೆದಾಡೋದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆ ಇರೋ ಗೇಮ್ಸ್ ವರ್ಕ್‌ಶಾಪ್ 1983ರಲ್ಲಿ ಕತ್ತಿ-ಕೋಟೆಗಳ ಲೋಕದ ಮೊದಲ ಆಟ ತಂತು. 1987ರಲ್ಲಿ ಅದನ್ನ ಬಾಹ್ಯಾಕಾಶಕ್ಕೆ ಒಯ್ದು ವಾರ್‌ಹ್ಯಾಮರ್ 40,000 ಮಾಡಿತು. ಅಲ್ಲಿಂದ ಇಲ್ಲಿವರೆಗೆ ಆಟದ ಬೆನ್ನಿಗೆ ಬೆಳೆದ ಕಥೆಗಳನ್ನೇ ಲೋರ್ ಅನ್ನೋದು. ಕತ್ತಲ ದೇವರುಗಳ ಬಗ್ಗೆ 1988ರಲ್ಲಿ ಒಂದು, 1990ರಲ್ಲಿ ಇನ್ನೊಂದು ದಪ್ಪ ಸಂಪುಟ ಬಂತು. ಮೊದಲನೆಯದರಲ್ಲಿ ರಕ್ತದ ದೇವರು ಮತ್ತು ಭೋಗದ ದೇವರು, ಎರಡನೆಯದರಲ್ಲಿ ರೋಗದ ದೇವರು ಮತ್ತು ಬದಲಾವಣೆಯ ದೇವರು. ಖಾರ್ನ್, ಸ್ಲಾನೇಶ್, ನರ್ಗಲ್, ಜೀಂಚ್. ನಾಲ್ವರನ್ನೂ ಸೇರಿಸಿ ಕೇಯಾಸ್ ಅಂತಾರೆ.

ಈ ದೇವರುಗಳು ಸೃಷ್ಟಿಯ ಮೊದಲಿಂದ ಇದ್ದು ನಮ್ಮನ್ನ ಮಾಡಿದವರಲ್ಲ. ನಾವು ಅವರನ್ನ ಮಾಡಿದ್ದು. ನಮ್ಮ ಲೋಕದ ಬೆನ್ನ ಹಿಂದೆ ವಾರ್ಪ್ ಅನ್ನೋ ಇನ್ನೊಂದು ಲೋಕ ಇದೆ. ಜೀವ ಇರೋದು ಏನೇ ಅನುಭವಿಸಲಿ, ಅಲ್ಲಿ ಅದರ ಅಲೆ ಏಳುತ್ತೆ. ಲಕ್ಷಾಂತರ ಜನರ ಸಿಟ್ಟು ಒಂದೇ ಕಡೆ ಹರಿದು, ಸುಳಿ ಆಗಿ, ಆ ಸುಳಿಗೆ ಬುದ್ಧಿ ಬಂದಾಗ ಅದೇ ಖಾರ್ನ್. ಅವನಿಗೆ ಬೇಕಿರೋದು ರಕ್ತ. ಶತ್ರುವಿನದೇ ಆಗಬೇಕು ಅಂತಿಲ್ಲ, ಭಕ್ತನದೂ ಆದೀತು. ಕೂತಿರೋ ಸಿಂಹಾಸನ ಬುರುಡೆಗಳ ರಾಶಿ. ಮಾಟ-ಮಂತ್ರ ಕಂಡ್ರೆ ಆಗಲ್ಲ, ಮೋಸದ ಯುದ್ಧ ಆಗಲ್ಲ.

ಅವನ ಬಂಟರಲ್ಲಿ ಸ್ಕಾರ್‌ಬ್ರಾಂಡ್ ಅಂತ ಒಬ್ಬ. ಜೀಂಚ್ ಅವನ ಕಿವಿ ಊದಿದ, ನೀನೇ ದೊಡ್ಡವನು ಅಂತ ತಲೆ ತುಂಬಿದ. ಇವನು ಒಡೆಯ ಬೆನ್ನು ಮಾಡಿ ನಿಂತಾಗ ಇರೋ ಶಕ್ತಿಯನ್ನೆಲ್ಲ ಹಾಕಿ ಕೊಡಲಿ ಬೀಸಿದ. ಖಾರ್ನ್‌ನ ಕವಚದಲ್ಲಿ ಒಂದು ಸಣ್ಣ ಬಿರುಕು ಬಿತ್ತು, ಅಷ್ಟೇ. ಖಾರ್ನ್ ಕತ್ತು ಹಿಡಿದು ಎತ್ತಿ ಎಸೆದ. ಎಂಟು ಹಗಲು ಎಂಟು ರಾತ್ರಿ ಬೀಳ್ತಾನೇ ಇದ್ದ, ರೆಕ್ಕೆ ಚಿಂದಿ ಆಯ್ತು. ಎಂಟು ಖಾರ್ನ್‌ನ ಸಂಖ್ಯೆ. ಆಟದಲ್ಲಿ ಇವತ್ತಿಗೂ ಸ್ಕಾರ್‌ಬ್ರಾಂಡ್‌ಗೆ ಹಾರೋ ರೆಕ್ಕೆ ಇಲ್ಲ. ಗೆಳೆಯನ ಹತ್ರ ಆ ಬೊಂಬೆ ಇದೆ. ಹರಿದ ರೆಕ್ಕೆಯನ್ನ ಬೆರಳಲ್ಲಿ ಮುಟ್ಟಿದಾಗೆಲ್ಲ ನನಗೆ ಅವನ ಮೇಲೆ ಕರುಣೆ ಬರುತ್ತೆ.

ಜೀಂಚ್ ಬಗ್ಗೆ ಜಾಸ್ತಿ ಹೇಳಲ್ಲ, ಅವನ ಸಂಚುಗಳಿಗೇ ಬೇರೆ ವಿಡಿಯೋ ಬೇಕು. ಅವನ ಕಡೆಯ ಪಿಂಕ್ ಹಾರರ್ ಅನ್ನೋ ಪಿಶಾಚಿ ಒಂದನ್ನ ಕಡಿದ್ರೆ ಸಾಯಲ್ಲ, ಎರಡು ನೀಲಿ ಹಾರರ್ ಆಗಿ ಎದ್ದು ನಿಲ್ಲುತ್ತೆ. ಮೊದಲ ಸಲ ಟೇಬಲ್ ಮೇಲೆ ಇದನ್ನ ಕಂಡಾಗ ನನ್ನ ಬಾಯಿಂದ ಬಂದ ಮಾತು "ರಕ್ತಬೀಜಾಸುರ!" ಅಂತ. ತೊಟ್ಟು ರಕ್ತ ನೆಲಕ್ಕೆ ಬಿದ್ರೆ ಇನ್ನೊಬ್ಬ ಹುಟ್ಟೋ ಅಸುರನ ಕಥೆ ನವರಾತ್ರಿಗೆ ಕೇಳಿಕೊಂಡೇ ಬೆಳೆದವರು ನಾವು.

ಸ್ಲಾನೇಶ್ ಹುಟ್ಟಿದ ಕಥೆ ಮಾತ್ರ ಹೇಳಲೇಬೇಕು, ಮುಂದಿನದಕ್ಕೆ ಅದೇ ಬೇರು. ಎಲ್ದಾರ್ ಅಂತ ಒಂದು ಜನಾಂಗ. ಮನುಷ್ಯರಿಗಿಂತ ಹಳಬರು, ಬಲ್ಲವರು. ಯುದ್ಧ ಇಲ್ಲ, ಹಸಿವಿಲ್ಲ, ಮಾಡೋಕೆ ಕೆಲಸ ಇಲ್ಲ. ಸುಖದಿಂದ ಇನ್ನೂ ಹೆಚ್ಚಿನ ಸುಖಕ್ಕೆ ಹೋದ್ರು. ಅದೂ ಸಪ್ಪೆ ಆದಾಗ ಕ್ರೌರ್ಯಕ್ಕೆ ಇಳಿದ್ರು. ಅದೆಲ್ಲ ವಾರ್ಪ್‌ನಲ್ಲಿ ಸೇರ್ತಾ ಸೇರ್ತಾ ಒಂದು ದಿನ ಹೊಸ ದೇವರಾಗಿ ಕಣ್ಣು ಬಿಡ್ತು. ಆ ಹುಟ್ಟಿನ ಕೂಗಿಗೆ ಎಲ್ದಾರ್‌ಗಳಲ್ಲಿ ಬಹುಪಾಲು ಜನ ನಿಂತಲ್ಲೇ ಸತ್ರು. ಸ್ಲಾನೇಶ್ ಅವರ ದೇವರುಗಳನ್ನೂ ತಿನ್ನುತ್ತಾ ಹೋಯ್ತು. ಅವರಲ್ಲಿ ಇಶಾ ಅಂತ ಒಬ್ಬ ದೇವತೆ, ಸಸ್ಯಗಳಿಗೆ, ವಾಸಿ ಮಾಡೋದಕ್ಕೆ ತಾಯಿ. ಅವಳನ್ನ ಸ್ಲಾನೇಶ್ ಕೈಯಿಂದ ಬಿಡಿಸಿದ್ದು ಯಾರು ಗೊತ್ತಾ? ನರ್ಗಲ್. ಈ ಇಶಾ ಹೆಸರು ನೆನಪಿಡಿ.

ಇಲ್ಲಿ ಕೂತು ಅರಿಷಡ್ವರ್ಗ ಲೆಕ್ಕ ಹಾಕ್ತಿದ್ದೆ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ಖಾರ್ನ್ ಅಂದ್ರೆ ಕ್ರೋಧವೇ. ಸ್ಲಾನೇಶ್‌ನಲ್ಲಿ ಕಾಮ, ಮದ, ಮೋಹ ಮೂರೂ ಇವೆ. ಜೀಂಚ್‌ಗೆ ಲೋಭ ಮತ್ಸರ ಕೊಡಬಹುದು. ನರ್ಗಲ್‌ಗೆ ಏನೂ ಉಳಿಯಲ್ಲ. ನರ್ಗಲ್ ಹುಟ್ಟಿದ್ದು ಹತಾಶೆಯಿಂದ, ಸಾವಿನ ಭಯದಿಂದ. ಆಸ್ಪತ್ರೆ ಕಾರಿಡಾರಿನ ಬೆಂಚಿನ ಮೇಲೆ ಕೂತು "ಇನ್ನು ನನ್ನ ಕೈಲಾಗಲ್ಲ" ಅಂತೀವಲ್ಲ, ಆ ಮಾತಿಂದ. ಹಾಗಂದಾಗ ನಾವು ಯಾರಿಗೂ ಕೇಡು ಬಯಸಿರಲ್ಲ. ಅದು ವೈರಿ ಅಂತ ಆರರ ಪಟ್ಟಿಯಲ್ಲಿಲ್ಲ. ಅದರಿಂದಲೂ ಒಬ್ಬ ದೇವರು ಹುಟ್ಟಿಬಿಡ್ತಾನೆ ಅನ್ನೋದೇ ನನಗೆ ಉಳಿದ ಮೂವರಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸೋದು.

ಅವನ ಭಕ್ತರು ಅವನನ್ನ ಕರೆಯೋದು ತಾತ ಅಂತ. ಗ್ರಾಂಡ್‌ಫಾದರ್ ನರ್ಗಲ್. ರೋಗ ಅವನ ಉಡುಗೊರೆ, ಪ್ರೀತಿಯಿಂದ ಕೊಡ್ತಾನೆ. ತಗೊಂಡವನಿಗೆ ನೋವು ತಿಳಿಯಲ್ಲ, ಮೈ ಕೊಳೆತ್ರೂ ಜೀವ ಹೋಗಲ್ಲ, ಮನಸ್ಸಿಗೆ ಒಂಥರಾ ನೆಮ್ಮದಿ.

ಮಾರ್ಟೇರಿಯನ್ ಕಥೆ ಕೇಳಿ. ಡೆತ್ ಗಾರ್ಡ್ ಅನ್ನೋ ಹದಿನಾಲ್ಕನೇ ಲೀಜನ್, ಅಂದ್ರೆ ಸೈನ್ಯದ ದಂಡು, ಅದರ ದೊರೆ. ಬೆಳೆದದ್ದು ವಿಷದ ಮಂಜು ಕವಿದ ಗ್ರಹದಲ್ಲಿ, ಹಾಗಾಗಿ ಏನನ್ನ ಬೇಕಾದ್ರೂ ತಡ್ಕೊಳ್ತೀವಿ ಅನ್ನೋದೇ ಅವನ ಮತ್ತು ಅವನ ಮಕ್ಕಳಂಥ ಸೈನಿಕರ ಹೆಮ್ಮೆ. ಹೋರಸ್ ಅನ್ನೋ ಸೇನಾಪತಿ ತನ್ನ ಚಕ್ರವರ್ತಿಯ ವಿರುದ್ಧ ಎದ್ದ ದಂಗೆಯ ಕಾಲದಲ್ಲಿ ಭೂಮಿ ಕಡೆ ಹೊರಟ ಅವರ ಹಡಗುಗಳು ವಾರ್ಪ್ ನಡುವೆ ಗಾಳಿ ಇಲ್ಲದ ಹಾಯಿದೋಣಿ ಥರ ನಿಂತುಬಿಟ್ವು. ದಾರಿ ತೋರಿಸೋರನ್ನ ಅವರವನೇ ಒಬ್ಬ, ಟೈಫಸ್, ಕೊಂದು ಹಾಕಿದ್ದ. ಆಮೇಲೆ ರೋಗ ಬಂತು. ಜನ್ಮದಲ್ಲಿ ಕಾಯಿಲೆ ಬೀಳದ ಮೈಗಳು ಊದಿಕೊಂಡ್ವು, ಕೊಳೆತ್ವು, ಆದ್ರೆ ಯಾರಿಗೂ ಸಾವು ಬರ್ಲಿಲ್ಲ. ಮಕ್ಕಳ ನರಳಾಟ ನೋಡಲಾರದೆ ಮಾರ್ಟೇರಿಯನ್ ಕೊನೆಗೆ ಕತ್ತಲ ಕಡೆ ಕೂಗಿದ, ಸಾಕು ಅಂದ. ನರ್ಗಲ್ ಬಂದ. ಬರೋಕೇ ಕಾಯ್ತಿದ್ದ.

ದುರಾಸೆಗೆ ಬಿದ್ದು ರಾಕ್ಷಸನಾದವರ ಕಥೆ ಬೇಕಾದಷ್ಟಿವೆ. ಮಕ್ಕಳ ಸಂಕಟ ತಡೆಯಲಾರದೆ ರಾಕ್ಷಸನಾದವನು ಇವನು. ಅದಕ್ಕೇ ಮೂರು ವಾರದಿಂದ ಈ ಹಸಿರು ಮೈಗೆ ಇಷ್ಟು ಶ್ರದ್ಧೆಯಿಂದ ಬಣ್ಣ ಹಚ್ತಿರೋದು. ಮೊದಲು ತಿಳಿ ಹಸಿರು, ಗಾಯದ ಸುತ್ತ ನೇರಳೆ, ಮೇಲೆ ಕಂದು ವಾಶ್, ಅಂದ್ರೆ ನೀರಾದ ತೆಳು ಬಣ್ಣ. ತುಕ್ಕಿಗೆ ಸ್ಪಂಜಿನ ಚೂರಿಂದ ಚುಕ್ಕೆ. ಕೊನೆಗೆ ಕೀವಿಗೆ ಅಂತಲೇ ಬರೋ ಹೊಳೆಯೋ ಬಣ್ಣ, ಅದರ ಹೆಸರೇ ನರ್ಗಲ್ಸ್ ರಾಟ್.

ಈಗ ಅಜ್ಜಿ ಮಾತಿಗೆ ಬರ್ತೀನಿ. ನನಗೆ ಏಳು ವರ್ಷ ಇದ್ದಾಗ ಸೀತಾಳೆ ಸಿಡುಬು ಎದ್ದಿತ್ತು. ಮನೇಲಿ ಯಾರೂ ರೋಗ ಅನ್ಲಿಲ್ಲ. ಅಮ್ಮ ಬಂದವ್ಳೆ ಅಂದ್ರು. ಬಾಗಿಲಿಗೆ ಬೇವಿನ ಸೊಪ್ಪು, ಮಲಗೋಕೂ ಬೇವಿನ ಸೊಪ್ಪು. ಅಷ್ಟು ದಿನ ಮನೇಲಿ ಒಗ್ಗರಣೆ ವಾಸನೆ ಏಳಲಿಲ್ಲ. ಎಳನೀರು, ಮೊಸರನ್ನ. ಕೆರೆದುಕೊಂಡ್ರೆ ಅಮ್ಮನಿಗೆ ನೋವಾಗುತ್ತೆ ಅಂತ ಅಜ್ಜಿ ನನ್ನ ಕೈ ಹಿಡ್ಕೊಂಡು ಕೂತಿದ್ರು. ಚಳ್ಳಕೆರೆ ಕಡೆ ಗೌರಸಮುದ್ರದ ಮಾರಮ್ಮನಿಗೆ ಹರಕೆ ಕಟ್ಟಿದ್ರು. ಮೈಯೆಲ್ಲ ಉರೀತಿದ್ರೂ ಮನೆಗೆ ಯಾರೋ ದೊಡ್ಡವರು ಬಂದಿದ್ದಾರೆ ಅನ್ನೋ ಭಾವನೆ ಇತ್ತು ನನಗೆ.

ರೋಗವನ್ನ ಅವರು ತಾತ ಅಂದ್ರು, ನಾವು ಅಮ್ಮ ಅಂದ್ವಿ. ಸಮುದ್ರದ ಆಚೆಗೂ ಈಚೆಗೂ ಕಾಯಿಲೆಗೆ ಮನೆಯವರ ಹೆಸರೇ ಇಟ್ಟಿದ್ದು ಯಾಕೆ ಅಂತ ಅಜ್ಜಿಯನ್ನೇ ಕೇಳಿದೆ. ನರ್ಗಲ್ ಕಥೆ ಪೂರ್ತಿ ಹೇಳಿದೆ. ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡ್ರು.

"ಈವಯ್ಯ ಬಂದ್ರೆ ಹೋಗಂಗೇ ಇಲ್ವಾ?"

"ಇಲ್ಲ ಅಜ್ಜಿ. ಪ್ರೀತಿ ಜಾಸ್ತಿ, ಬಿಡಲ್ಲ."

"ಹಂಗಾದ್ರೆ ಅಮ್ಮನ ಕಡೆಯೋನು ಅಲ್ಲ ಬಿಡು. ಅಮ್ಮ ಬರ್ತಾಳೆ, ತಣ್ಣಗೆ ಮಾಡಿದ್ರೆ ಹೋಗ್ತಾಳೆ. ಹೋಗಂಗಿಲ್ಲ ಅಂದ್ರೆ ಅದ್ಯಾವ ದೇವ್ರು?"

ಅಜ್ಜಿ ಹೇಳಿದ್ದು ಸರಿ. ನಮ್ಮಲ್ಲಿ ಕಳಿಸಿಕೊಡೋದಕ್ಕೇ ಒಂದು ಶಾಸ್ತ್ರ ಇದೆ. ಮೈ ಇಳಿದ ಮೇಲೆ ಬೇವಿನ ನೀರಿನ ಸ್ನಾನ, ಎಡೆ, ಹರಕೆ ತೀರಿಸೋದು. ಪ್ಲೇಗಿನ ಕಾಲದಲ್ಲಿ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕ್ಕೊಂಡಿದ್ದನ್ನ ಅಜ್ಜಿಗೆ ಅವರಮ್ಮ ಹೇಳಿದ್ರಂತೆ. ನಮ್ಮ ಸೀಮೆಯ ಕೆಲವು ಹಳ್ಳಿಗಳಲ್ಲಿ ಈಗಲೂ ಹೊರಬೀಡು ಮಾಡ್ತಾರೆ. ಮನೆಗೆ ಬೀಗ ಹಾಕಿ, ದನ-ಕರು ಹೊಡ್ಕೊಂಡು, ಇಡೀ ಊರು ಆಚೆ ಹೋಗಿ ಅಡುಗೆ ಮಾಡ್ಕೊಂಡು ಉಂಡು ಸಂಜೆ ವಾಪಸ್ ಬರುತ್ತೆ. ಅಷ್ಟು ಹೊತ್ತು ಊರನ್ನ ಆ ಅಮ್ಮನಿಗೆ ಬಿಟ್ಟುಕೊಡೋದು.

ನರ್ಗಲ್ ವಾಸ ಇರೋ ತೋಟದಲ್ಲಿ ಆ ಥರದ ಸಂಜೆ ಇಲ್ಲ.

ಅಲ್ಲಿ ಇರೋದು ಇಶಾ. ಬಿಡಿಸಿಕೊಂಡು ಬಂದ ನರ್ಗಲ್ ಅವಳನ್ನ ಪಂಜರದಲ್ಲಿ ಇಟ್ಟಿದ್ದಾನೆ. ಅವನ ಪ್ರಕಾರ ಅದೂ ಪ್ರೀತಿಯೇ. ದೊಡ್ಡ ಕೊಪ್ಪರಿಗೆಯಲ್ಲಿ ಹೊಸ ಹೊಸ ರೋಗ ಕುದಿಸ್ತಾನೆ, ಹದ ನೋಡೋಕೆ ಮೊದಲು ಅವಳಿಗೇ ಕುಡಿಸ್ತಾನೆ. ಅವಳು ದೇವತೆ, ಅವಳ ಮೈ ಅದನ್ನ ಗುಣ ಮಾಡಿಕೊಳ್ಳುತ್ತೆ. ಎಷ್ಟು ಬೇಗ ಅಂತ ಅವನು ನೋಡ್ಕೊಂಡು ಮತ್ತೆ ಕೊಪ್ಪರಿಗೆ ಕಡೆ ತಿರುಗ್ತಾನೆ. ಅವನು ತಿರುಗಿದಾಗ ಇಶಾ ಕಂಬಿಗೆ ಬಾಯಿ ಹತ್ತಿರ ತಂದು ಮನುಷ್ಯರ ಲೋಕಕ್ಕೆ ಪಿಸುಗುಡ್ತಾಳೆ, ಈ ರೋಗಕ್ಕೆ ಇದು ಮದ್ದು ಅಂತ. ವಾರ್‌ಹ್ಯಾಮರ್‌ನ ಅಷ್ಟು ಕತ್ತಲೆಯಲ್ಲಿ ನಾನು ಮತ್ತೆ ಮತ್ತೆ ಹೋಗಿ ಓದೋ ಜಾಗ ಇದೊಂದೇ.

ಇದನ್ನೂ ಅಜ್ಜಿಗೆ ಹೇಳಿದೆ. ಬೊಂಬೆಗಳನ್ನೆಲ್ಲ ಸಾಲಾಗಿ ನೋಡಿದ್ರು. ಸೇನಾಪತಿ, ಅವನ ಕಾಲ ಕೆಳಗಿನ ಮರಿಗಳು, ಕೊಳೆತ ಕತ್ತಿ ಹಿಡಿದ ಏಳು ಜನ ಪ್ಲೇಗ್‌ಬೇರರ್‌ಗಳು.

"ಆ ಹೆಣ್ಮಗಳು ಎಲ್ಲವ್ಳೆ ಇದ್ರಾಗೆ?"

ನನ್ನ ಹತ್ರ ಇಶಾ ಇರ್ಲಿಲ್ಲ. ಒಂದು ನಿಮಿಷ ಏನೂ ಹೇಳೋಕಾಗಲಿಲ್ಲ.

ಕೋಟೆಯಿಂದ ಇಳಿದು ಮನೆಗೆ ಬಂದು ಈಗ ಕೂತಿದ್ದೀನಿ. ಎರಡು ಬಗೆ ಪುಟ್ಟಿ ಕಲಸಿ ಹಸಿರು ಹಿಟ್ಟಿನ ಥರ ಮಾಡ್ಕೊಂಡಿದ್ದೀನಿ. ತಂತಿ ಬಗ್ಗಿಸಿ ಮೈ, ಸೂಜಿ ಮೊನೆಯಲ್ಲಿ ಬಟ್ಟೆಯ ನೆರಿಗೆ. ಮುಖ ಮೂರು ಸಲ ಅಳಿಸಿ ಮಾಡಿದ್ದೀನಿ. ಬಾಯಿ ಸ್ವಲ್ಪ ತೆರೆದಿರಬೇಕು, ಆದ್ರೆ ಕೂಗ್ತಿರೋ ಹಾಗೆ ಕಾಣಬಾರದು, ಅದೇ ಕಷ್ಟ. ಪಂಜರಕ್ಕೆ ಹಳೇ ಪೊರಕೆಯ ಕಡ್ಡಿ. ಒಂದು ಕಡ್ಡಿ ಮಾತ್ರ ಹಾಕಿಲ್ಲ, ಪಿಸುಮಾತು ಹೊರಗೆ ಹೋಗೋಕೆ.

ಕೈಯಲ್ಲಿ ಏನಿಡಲಿ ಅಂತ ಅಜ್ಜಿಯನ್ನ ಕೇಳಿದೆ. ಹಿತ್ತಲಿಗೆ ಹೋಗಿ ಒಂದು ಬೇವಿನ ಎಸಳು ಕಿತ್ಕೊಂಡು ಬಂದ್ರು. ಎಲೆ ಅವಳ ಎತ್ತರಕ್ಕಿಂತ ದೊಡ್ಡದು. ತುದಿಯನ್ನ ಬ್ಲೇಡಿನಲ್ಲಿ ಕತ್ತರಿಸಿ, ಅಕ್ಕಿಕಾಳಿನಷ್ಟು ಉಳಿಸಿ, ಇಕ್ಕಳದಲ್ಲಿ ಹಿಡಿದು ಅಂಟಿಸ್ತಿದ್ದೀನಿ. ಫ್ಯಾನ್ ಆರಿಸಿದ್ದೀವಿ. ಅಂಟು ಒಣಗೋವರೆಗೂ ನೋಡ್ತೀನಿ ಅಂತ ಅಜ್ಜಿ ಪಕ್ಕದಲ್ಲೇ ಕುರ್ಚಿ ಎಳ್ಕೊಂಡು ಕೂತಿದ್ದಾರೆ.