ಕತ್ತಿವರಸೆ: ಮೊದಲು ಕಾಲು, ಆಮೇಲೆ ಕೈ

[ದೃಶ್ಯ: ಕ್ಯಾಮೆರಾ ನೆಲದ ಮಟ್ಟದಲ್ಲಿ. ಎರಡು ಪಾದ ಮಾತ್ರ ಕಾಣ್ತಿವೆ.]

ನಮಸ್ಕಾರ. ಕತ್ತಿ ಎಲ್ಲಿ ಅಂದ್ಕೊಂಡ್ರಾ? ಬರುತ್ತೆ, ಸ್ವಲ್ಪ ತಡೀರಿ. ನಾನೂ ಶುರುವಿನಲ್ಲಿ ಎರಡು ತಿಂಗಳು ಬರೀ ಕೈ ಬೀಸೋದನ್ನೇ ಕಲಿತೆ. ಎದುರಾಳಿ ಅರ್ಧ ಹೆಜ್ಜೆ ಹಿಂದೆ ಸರಿದ್ರೆ ಸಾಕು, ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಗ್ತಿತ್ತು.

ಪಾದಗಳ ನಡುವೆ ಭುಜದಷ್ಟು ಅಗಲ ಇರಲಿ. ಮುಂದಿನ ಪಾದ ಎದುರಾಳಿ ಕಡೆಗೆ, ಹಿಂದಿನದು ಅಡ್ಡಕ್ಕೆ. ಫೆನ್ಸಿಂಗ್‌ನಲ್ಲಿ, ಅಂದ್ರೆ ಒಲಿಂಪಿಕ್ಸ್‌ನಲ್ಲಿ ಆಡೋ ಕತ್ತಿವರಸೆಯಲ್ಲಿ, ಎರಡು ಪಾದಗಳ ನಡುವಿನ ಈ ಕೋನ ಹೆಚ್ಚುಕಮ್ಮಿ 90 ಡಿಗ್ರಿ. ಮಂಡಿ ತುಸು ಬಗ್ಗಿರಬೇಕು. ಮುಂದೆ ಹೋಗುವಾಗ ಮುಂದಿನ ಕಾಲು ಮೊದಲು, ಹಿಂದೆ ಬರುವಾಗ ಹಿಂದಿನದು ಮೊದಲು. ಎರಡೂ ಪಾದ ಹತ್ತಿರ ಬಂದು ತಾಗಿದ್ವೋ, ಆ ಗಳಿಗೇಲಿ ಯಾರಾದ್ರೂ ಸುಮ್ನೆ ತಳ್ಳಿದ್ರೂ ಬೀಳ್ತೀರಿ.

[ದೃಶ್ಯ: ಇಬ್ಬರು ಎದುರುಬದುರು. ಅಂಗೈಗಳ ನಡುವೆ ಒಂದು ಕೋಲು.]

ಈ ಕೋಲನ್ನ ಇಬ್ರೂ ಹಿಡ್ಕೊಂಡಿಲ್ಲ, ಅಂಗೈಯಲ್ಲಿ ಒತ್ಕೊಂಡಿದ್ದಾರೆ ಅಷ್ಟೇ. ಒಬ್ರು ಹೆಜ್ಜೆ ಹಾಕ್ತಾರೆ, ಇನ್ನೊಬ್ರು ಹಿಂಬಾಲಿಸ್ತಾರೆ. ಅಂತರ ಜಾಸ್ತಿಯಾದ್ರೆ ಕೋಲು ಬೀಳುತ್ತೆ, ಕಡಿಮೆಯಾದ್ರೆ ಕೈ ಮಡಚಿಕೊಳ್ಳುತ್ತೆ. ನನ್ನ ಪ್ರಕಾರ ಕತ್ತಿವರಸೆಯ ಮುಕ್ಕಾಲು ಪಾಲು ಇದೇ. ಎದುರಾಳಿ ಒಂದು ಹೆಜ್ಜೆ ಇಡದೆ ನಿಮ್ಮನ್ನ ಮುಟ್ಟೋಕಾಗದಷ್ಟು ದೂರದಲ್ಲಿ ನಿಂತ್ರೆ, ಆ ಹೆಜ್ಜೆ ನಿಮ್ಮ ಕಣ್ಣಿಗೆ ಬೀಳುತ್ತೆ.

ಈಗ ಕತ್ತಿ. ಯುರೋಪಿನ ಮಧ್ಯಯುಗದ ಎರಡು ಕೈಯ ಉದ್ದ ಕತ್ತಿ ಸಾಮಾನ್ಯವಾಗಿ ಒಂದೂವರೆ ಕಿಲೋ ಆಸುಪಾಸು. ಹತ್ತು ಕಿಲೋ ಅಂತ ನಂಬಿದೋರೇ ಜಾಸ್ತಿ! ಹಾಗಾಗಿ ಮುಷ್ಟಿ ಬಿಗಿದು ಹಿಡಿಯೋ ಅಗತ್ಯ ಇಲ್ಲ. ಬಿಗಿದಷ್ಟೂ ಮಣಿಕಟ್ಟು ಸೆಟೆಯುತ್ತೆ, ಮೊನೆ ನಡುಗುತ್ತೆ. ಏಟು ತಾಗೋ ಹೊತ್ತಿಗೆ ಬಿಗಿ ಮಾಡಿ, ಆಮೇಲೆ ಸಡಿಲ ಬಿಡಿ.

[ದೃಶ್ಯ: ಹತ್ತಿರದಿಂದ, ಅಲಗಿನ ತುದಿಯನ್ನು ಒಂದು ಬೆರಳು ಪಕ್ಕಕ್ಕೆ ತಳ್ಳುತ್ತಿದೆ.]

ನೋಡಿ, ತುದೀಲಿ ಒಂದೇ ಬೆರಳು ಸಾಕು, ಕತ್ತಿ ಸರಿದುಹೋಯ್ತು. ಅದೇ ಬೆರಳನ್ನ ಹಿಡಿಕೆ ಹತ್ರ ಇಟ್ಟು ತಳ್ಳಿದ್ರೆ ಜಗ್ಗಲ್ಲ. ಸನ್ನೆಕೋಲಿನ ಲೆಕ್ಕ ಇದು. ಅದಕ್ಕೇ ತಡೆಯುವಾಗ ನಿಮ್ಮ ಅಲಗಿನ ಹಿಡಿಕೆ ಹತ್ತಿರದ ಭಾಗದಿಂದ ಅವರ ಅಲಗಿನ ತುದಿಯ ಕಡೆಯ ಭಾಗವನ್ನ ತಡೀಬೇಕು. ತೋಳಿನ ಬಲ ಇಲ್ಲದೋರೂ ಹೀಗೆ ದೊಡ್ಡ ಆಳಿನ ಏಟು ತಡೀತಾರೆ.

ಮಾಸ್ಕ್, ಅಂದ್ರೆ ಮುಖ ಕಾಯೋ ಜಾಲರಿ ಕವಚ, ಅದರ ವಿಷಯ ಬಂದ್ರೆ ನಾನು ಸ್ವಲ್ಪ ಕಟ್ಟುನಿಟ್ಟು. 1982ರಲ್ಲಿ ರೋಮ್‌ನ ವಿಶ್ವ ಫೆನ್ಸಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಎದುರಾಳಿಯ ಅಲಗು ಮುರಿದು, ಆ ತುದಿ ಮಾಸ್ಕಿನ ಜಾಲರಿಯನ್ನೇ ಸೀಳಿ ಒಳಗೆ ಹೋಯ್ತು. ತೀರಿಕೊಂಡವರು ಸೋವಿಯತ್ ಒಕ್ಕೂಟದ ವ್ಲಾಡಿಮಿರ್ ಸ್ಮಿರ್ನೋವ್, 1980ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. ಮಾಸ್ಕು, ಅಲಗಿನ ಉಕ್ಕು ಎರಡರ ನಿಯಮವೂ ಬಿಗಿಯಾಗಿದ್ದು ಅದಾದ ಮೇಲೆ. ಮಾಸ್ಕ್ ಹಾಕಿದ್ದ ಚಾಂಪಿಯನ್‌ಗೇ ಹೀಗಾಯ್ತು ಅಂದ್ಮೇಲೆ, ಮರದ ಕತ್ತಿ ಅಂತ ಬರೀ ಮುಖದಲ್ಲಿ ಆಡೋಕೆ ಹೋಗ್ಬೇಡಿ.

ಕೊನೇದಾಗಿ ಒಂದು ಆಟ. ಜೊತೆಗಾರರು ಭುಜದೆತ್ತರದಿಂದ ಗ್ಲೌಸ್ ಬಿಡ್ತಾರೆ, ನೀವು ಮುನ್ನುಗ್ಗಿ ಅದನ್ನ ಹಿಡೀಬೇಕು. ಕಲಿಯುವಾಗ ಕಾಲು ಮೊದಲು, ಆದ್ರೆ ಮುನ್ನುಗ್ಗುವಾಗ ಕೈ ಮೊದಲು ಚಾಚಬೇಕು, ಕಾಲು ಅದರ ಹಿಂದೆ. ಕಾಲು ಮೊದಲು ಹೋದ್ರೆ ಕತ್ತಿಗಿಂತ ಮುಂಚೆ ನಿಮ್ಮ ಮೈಯೇ ಅವರ ಕೈಗೆ ಸಿಗುತ್ತೆ.

[ದೃಶ್ಯ: ಗ್ಲೌಸ್ ನೆಲಕ್ಕೆ ಬೀಳುತ್ತದೆ.]

ಅಯ್ಯೋ, ಕಾಲೇ ಮೊದಲು ಹೋಯ್ತು. ಬಿಡಿ, ಇನ್ನೊಂದ್ಸಲ.