ಅಮೂರ್ತ ಚಿತ್ರದ ಪ್ರಿಂಟ್ ಕೊಳ್ಳುವ ಮುಂಚೆ

ಕೇಳುಗರೇ, ನಮಸ್ಕಾರ.

ಚಿಕ್ಕಮಗಳೂರಿನ ಹೊಸ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ಈಗ ಅಮೂರ್ತ ಚಿತ್ರಗಳ, ಅಂದರೆ ಮನುಷ್ಯ-ಮರಗಳ ಬದಲು ಬರೀ ಬಣ್ಣ, ಗೆರೆ, ಆಕಾರಗಳೇ ಇರುವ ಚಿತ್ರಗಳ ಪ್ರಿಂಟ್ ಕಾಣುತ್ತವೆ. ನನಗಂತೂ ಇದು ಖುಷಿಯ ವಿಷಯ. ಮೂಲ ಚಿತ್ರ ಕೈಗೆಟುಕದಿದ್ದರೇನು, ಒಳ್ಳೆಯ ಪ್ರತಿ ಸಿಗುತ್ತದಲ್ವಾ? ಆದರೆ ನೋಡಿ ಕೊಳ್ಳಬೇಕು.

ಅಜ್ಜನ ಫೋಟೋ ಮಾಸಿದರೂ ಅಜ್ಜನ ಮುಖ ಉಳಿಯುತ್ತದೆ. ಅಮೂರ್ತ ಚಿತ್ರದಲ್ಲಿ ಬಣ್ಣವೇ ಮುಖ. ನಮ್ಮ ದೇಶದ ಹೆಸರಾಂತ ಚಿತ್ರಕಾರ ಎಸ್.ಎಚ್. ರಜಾ ಅವರ ಚಿತ್ರಗಳಲ್ಲಿ ಬರುವ ದೊಡ್ಡ ದುಂಡು ಚುಕ್ಕಿ, ಅವರ ‘ಬಿಂದು’ವಿನ ಸುತ್ತಲಿನ ಬಣ್ಣ ಸಪ್ಪೆಯಾದರೆ ಇನ್ನೇನು ಉಳಿಯಿತು? ಅದಕ್ಕೇ ಮೊದಲು ಕೇಳಿ: ಬಣ್ಣದ ಸಣ್ಣ ಕಣಗಳಿರುವ ಪಿಗ್ಮೆಂಟ್ ಇಂಕೋ, ಬಣ್ಣ ಪೂರ್ತಿ ಕರಗಿರುವ ಡೈ ಇಂಕೋ? ಡೈ ಸಾಮಾನ್ಯವಾಗಿ ಬೇಗ ಮಾಸುತ್ತದೆ. ಪಿಗ್ಮೆಂಟ್ ದಶಕಗಟ್ಟಲೆ ತಾಳುತ್ತದೆ. ಕಾಗದ ಹತ್ತಿಯ ನಾರಿನದು, ಆಮ್ಲ ಇಲ್ಲದ್ದು ಆಗಿರಲಿ. ಸುಮ್ನೆ ‘ಆರ್ಕೈವಲ್’, ಅಂದರೆ ಬಹುಕಾಲ ಬಾಳುವಂಥದ್ದು, ಎಂದರೆ ಸಾಲದು. ಇಂಕು, ಕಾಗದ ಎರಡನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಒಂದು ಭೂತಗನ್ನಡಿ ಜೊತೆಗಿರಲಿ. ಮಾಮೂಲಿ ಪೋಸ್ಟರಿನಲ್ಲಿ ಚುಕ್ಕಿಗಳು ಲೆಕ್ಕ ಹಾಕಿ ಜೋಡಿಸಿದಂತೆ ಸಾಲಾಗಿ ಕಾಣುತ್ತವೆ. ಒಳ್ಳೆಯ ಇಂಕ್‌ಜೆಟ್ ಪ್ರಿಂಟಿನಲ್ಲಿ ಸಣ್ಣ ಸಣ್ಣ ಹನಿಗಳು ಎಲ್ಲೆಂದರಲ್ಲಿ ಚದುರಿರುತ್ತವೆ.

ಇನ್ನೊಂದು ಮೋಸ ಕಣ್ಣಿಗೆ ಬೀಳುವುದೇ ಇಲ್ಲ. ಮನುಷ್ಯನ ಚಿತ್ರದಲ್ಲಿ ಕೈ ಕತ್ತರಿಸಿದರೆ ಗೊತ್ತಾಗುತ್ತದೆ, ಅಮೂರ್ತದಲ್ಲಿ ಅಂಚು ಹೋದರೆ ಯಾರಿಗೆ ಗೊತ್ತು? ರಷ್ಯಾದಲ್ಲಿ ಹುಟ್ಟಿದ ಅಮೂರ್ತ ಚಿತ್ರಕಾರ ಕ್ಯಾಂಡಿನ್ಸ್ಕಿ 1923ರಲ್ಲಿ ಬರೆದ ‘ಕಾಂಪೊಸಿಷನ್ 8’ ಸುಮಾರು 140 ಸೆಂ.ಮೀ. ಎತ್ತರ, 201 ಸೆಂ.ಮೀ. ಅಗಲ. ಅದನ್ನು 2 ಅಡಿ ಎತ್ತರಕ್ಕೆ ಇಳಿಸಿದರೆ ಅಗಲ 3 ಅಡಿಗೆ ಒಂದೂವರೆ ಇಂಚು ಕಡಿಮೆ ಬರಬೇಕು. ಪ್ರಿಂಟ್ 3 ಅಡಿಯನ್ನೂ ತುಂಬಿಕೊಂಡಿದ್ದರೆ ಮೇಲೋ ಕೆಳಗೋ ಕತ್ತರಿ ಬಿದ್ದಿದೆ, ಇಲ್ಲವೇ ಚಿತ್ರವನ್ನು ಎಳೆದು ಹಿಗ್ಗಿಸಿದ್ದಾರೆ. ಮೂಲದ ಅಳತೆ ಮ್ಯೂಸಿಯಂಗಳ ಜಾಲತಾಣದಲ್ಲೇ ಸಿಗುತ್ತದೆ.

ಕ್ಯಾಂಡಿನ್ಸ್ಕಿ ತೀರಿಕೊಂಡದ್ದು 1944ರಲ್ಲಿ. ನಮ್ಮ ದೇಶದಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಅವರ ಚಿತ್ರಗಳ ಮೇಲೆ ಕಾಪಿರೈಟ್ ಹಕ್ಕು ಇರುತ್ತದೆ. ಹಾಗಾಗಿ ಅವರ ಚಿತ್ರವನ್ನು ಇಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದು. ರಜಾ ತೀರಿಕೊಂಡದ್ದು 2016ರಲ್ಲಿ. ಅವರ ಪ್ರಿಂಟಿಗೆ ಅನುಮತಿ ಪಡೆದಿದ್ದಾರಾ ಅಂತ ಕೇಳಲೇಬೇಕು.

ಇನ್ನು ನಮ್ಮೂರಿನ ಮಳೆ. ಮಲೆನಾಡಿನ ಥಂಡಿಗೆ ಎಂಥ ಕಾಗದವೂ ಬೂಷ್ಟು ಹಿಡಿಯುತ್ತದೆ. ಗಾಜು ಪ್ರಿಂಟಿಗೆ ಅಂಟದ ಹಾಗೆ ನಡುವೆ ದಪ್ಪ ಮೌಂಟ್, ಅಂದರೆ ಚಿತ್ರದ ಸುತ್ತ ಕೂರುವ ರಟ್ಟಿನ ಚೌಕಟ್ಟು, ಹಾಕಿಸಿ. ಅದೂ ಆಮ್ಲ ಇಲ್ಲದ್ದೇ ಇರಲಿ, ಇಲ್ಲದಿದ್ದರೆ ಅಂಚಿನಲ್ಲಿ ಕಂದು ಗೆರೆ ಮೂಡುತ್ತದೆ. ಹಿಂದೆ ಸೆಲ್ಲೋಟೇಪ್ ಬೇಡವೇ ಬೇಡ. ಮಳೆ ಹೊಡೆಯುವ ಹೊರಗೋಡೆ ಬಿಟ್ಟು, ಬಿಸಿಲು ನೇರ ಬೀಳದ ಒಳಗೋಡೆ ಆರಿಸಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ.

ನಮಸ್ಕಾರ.